ಹಾವನ್ನು ಓಡಿಸುವ ಮೊದಲು ಇಲಿಯ ದಾರಿ ಮುಚ್ಚಿ

ಹಿತ್ತಲಲ್ಲಿ ಹಾವು ಕಂಡರೆ ನಾವು ಮಾಡುವ ಮೊದಲ ಕೆಲಸ ಕೋಲು ಹುಡುಕುವುದು, ಎರಡನೆಯದು ಪಕ್ಕದ ಮನೆಯವರನ್ನು ಕೂಗುವುದು. ಅದು ಯಾಕೆ ಬಂತು ಅಂತ ಯೋಚಿಸುವವರು ಕಡಿಮೆ. ಹೊಡೆದರೂ, ಹಿಡಿಸಿ ದೂರ ಬಿಟ್ಟರೂ, ಬಂದ ಕಾರಣ ಹಾಗೇ ಉಳಿದರೆ ಸ್ವಲ್ಪ ದಿನದಲ್ಲಿ ಇನ್ನೊಂದು ಬರುತ್ತದೆ. ಮುಂಗುಸಿ, ಪುನುಗು ಬೆಕ್ಕು, ಬಾವಲಿ, ಮಂಗ ಎಲ್ಲಕ್ಕೂ ಇದೇ ಮಾತು. ಊಟ, ನೀರು, ಅಡಗಿಕೊಳ್ಳಲು ಜಾಗ, ಈ ಮೂರರಲ್ಲಿ ಯಾವುದೋ ಒಂದು ನಿಮ್ಮ ಮನೆಯಲ್ಲಿ ಸಲೀಸಾಗಿ ಸಿಗುತ್ತಿದೆ ಅಂತಲೇ ಅರ್ಥ. ಅದೇನು ಅಂತ ಪತ್ತೆ ಮಾಡುವುದರಿಂದಲೇ ಕೆಲಸ ಶುರು.

ಮೊದಲು ಟಾರ್ಚ್ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿ. ಗೋಡೆಯ ಬುಡ ನೋಡಿ. ಅಲ್ಲಿ ಜಿಡ್ಡು ಹಿಡಿದ ಕಪ್ಪು ಗೆರೆ ಇದ್ದರೆ ಅದು ಇಲಿಗಳು ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡಿದ ಗುರುತು. ಅಕ್ಕಿಕಾಳಿನಷ್ಟು ಕಪ್ಪು ಹಿಕ್ಕೆ ಇದ್ದರೆ ಚಿಕ್ಕ ಇಲಿ, ಅದಕ್ಕಿಂತ ದಪ್ಪಗಿದ್ದರೆ ದೊಡ್ಡದು. ಅನುಮಾನ ಇರುವ ಬಿಲದ ಮುಂದೆ ರಾತ್ರಿ ಒಂದು ಚಿಟಿಕೆ ಹಿಟ್ಟು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಪುಟ್ಟ ಹೆಜ್ಜೆಗಳೂ ನಡುವೆ ಬಾಲ ಎಳೆದ ಗೀಟೂ ಕಂಡರೆ ಹಾವು ಯಾಕೆ ಬಂತು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು.

ಹೊರಗಿನ ಲೈಟನ್ನೂ ಗಮನಿಸಿ. ರಾತ್ರಿಯಿಡೀ ಉರಿಯುವ ಬಿಳಿ ಬಲ್ಬಿಗೆ ಹುಳು ಮುತ್ತುತ್ತವೆ, ಹುಳುವಿಗೆ ಕಪ್ಪೆ ಬರುತ್ತದೆ, ಕಪ್ಪೆಗೆ ಹಾವು. ಹಳದಿ ಬೆಳಕಿನ ಬಲ್ಬಿಗೆ ಹುಳುಗಳು ಕಡಿಮೆ ಬರುತ್ತವೆ. ಬೇಡದ ಹೊತ್ತಲ್ಲಿ ಆರಿಸಿಬಿಟ್ಟರಂತೂ ಇನ್ನೂ ಒಳ್ಳೆಯದು.

ಇನ್ನು ಮುಚ್ಚುವ ಕೆಲಸ. ಚಿಕ್ಕ ಇಲಿ 6 ಮಿಲಿಮೀಟರ್ ಸಂದಿಯಲ್ಲಿ, ಅಂದರೆ ಪೆನ್ಸಿಲ್ ತೂರುವಷ್ಟು ಜಾಗದಲ್ಲಿ ನುಸುಳಿಬಿಡುತ್ತದೆ. ದೊಡ್ಡ ಇಲಿಗೆ ಸುಮಾರು 12 ಮಿಲಿಮೀಟರ್ ಸಾಕು. ಬಾಗಿಲ ಕೆಳಗಿನ ಸಂದು, ಪೈಪ್ ಗೋಡೆ ಸೇರುವ ಜಾಗ, ಬಚ್ಚಲ ನೀರು ಹೋಗುವ ತೂತು, ಇವನ್ನು ಒಂದೊಂದಾಗಿ ನೋಡಿ. ಬಟ್ಟೆ, ಥರ್ಮಾಕೋಲ್ ತುರುಕಿದರೆ ಇಲಿಗೆ ಒಂದು ರಾತ್ರಿಯ ಕೆಲಸ ಅಷ್ಟೇ. ಸ್ಟೀಲ್ ವುಲ್, ಅಂದರೆ ತೆಳ್ಳನೆಯ ಉಕ್ಕಿನ ಎಳೆಗಳ ಉಂಡೆಯನ್ನು ಗಟ್ಟಿಯಾಗಿ ತುಂಬಿ ಮೇಲೆ ಸಿಮೆಂಟ್ ಮೆತ್ತಿ, ನೀರು ಹೋಗುವ ಕಡೆ ಕಬ್ಬಿಣದ ಜಾಲರಿ ಕೂರಿಸಿ, ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿ. ಗೋಡೆಗೆ ಒರಗಿಸಿದ ಸೌದೆ, ಹಳೇ ಇಟ್ಟಿಗೆಗಳ ರಾಶಿಯನ್ನು ಮನೆಯಿಂದ ದೂರ ಸರಿಸಿ. ನಾಯಿಯ ಊಟದ ತಟ್ಟೆ ರಾತ್ರಿ ಹೊರಗೆ ಬಿದ್ದಿರಬಾರದು.

ಆದರೆ ಅವಸರ ಬೇಡ. ಸೂರಿನ ತೂತು ಮುಚ್ಚುವ ಮೊದಲು ಒಳಗೆ ಯಾರಿದ್ದಾರೆ ಅಂತ ತಿಳಿಯಬೇಕು, ಯಾಕೆಂದರೆ ಪುನುಗು ಬೆಕ್ಕು ಮರಿ ಹಾಕಿದ್ದಾಗ ನೀವು ತಾಯಿಯನ್ನು ಹೊರಗಿಟ್ಟು ಮುಚ್ಚಿದರೆ ಅದು ಸೂರು ಕಿತ್ತಾದರೂ ಒಳಗೆ ಹೋಗಲು ನೋಡುತ್ತದೆ, ಆಗದಿದ್ದರೆ ಮರಿಗಳು ಒಳಗೇ ಸತ್ತು ವಾಸನೆಗೆ ನೀವೇ ಮನೆ ಬಿಡಬೇಕಾಗುತ್ತದೆ. ಪೇಪರ್ ಉಂಡೆ ಮಾಡಿ ತೂತಿಗೆ ಸಡಿಲವಾಗಿ ತುರುಕಿ. ಮೂರು ರಾತ್ರಿ ಕಳೆದರೂ ಅದು ಅಲ್ಲಾಡದಿದ್ದರೆ, ಒಳಗಿಂದ ಮರಿಗಳ ಸದ್ದೂ ಇಲ್ಲದಿದ್ದರೆ, ಮುಚ್ಚಬಹುದು. ಬಾವಲಿಗಳಿದ್ದರೆ ತೂತಿನ ಮೇಲಂಚಿಗೆ ಸಣ್ಣ ಕಣ್ಣಿನ ಬಲೆಯನ್ನು ಪರದೆಯ ಹಾಗೆ ಇಳಿಬಿಡಿ, ಕೆಳಗೆ ತೆರೆದೇ ಇರಲಿ. ಸಂಜೆ ಜಾರಿಕೊಂಡು ಹೊರಗೆ ಹೋಗುತ್ತವೆ, ವಾಪಸ್ ಬರುವ ದಾರಿ ಮಾತ್ರ ಸಿಗುವುದಿಲ್ಲ. ಮರಿಗಳಿಗೆ ಹಾರಲು ಬರುವವರೆಗೆ ಇದನ್ನೂ ಮಾಡಬಾರದು. ಬರಿಗೈಯಲ್ಲಿ ಬಾವಲಿಯನ್ನು ಮುಟ್ಟಲೇಬೇಡಿ.

ಹಾವಿಗೆ ಅಂತ ಬೆಳ್ಳುಳ್ಳಿ ಅರೆದು ಚೆಲ್ಲುವುದು, ಫಿನಾಯಿಲ್ ಸುರಿಯುವುದು, ಕಾರ್ಬಾಲಿಕ್ ಆಸಿಡ್ ಬಾಟಲಿ ಇಡುವುದು ಸುಮ್ನೆ ದುಡ್ಡು ದಂಡ. ನಂಬಿಕೊಂಡು ಕೂರುವಂಥದ್ದು ಇದರಲ್ಲಿ ಏನೂ ಇಲ್ಲ. ಕಾರ್ಬಾಲಿಕ್ ಆಸಿಡ್ ಅಂತೂ ಮಕ್ಕಳ ಚರ್ಮ ಸುಡುತ್ತದೆ. ಅದಕ್ಕಿಂತ ಕೆಟ್ಟದ್ದು ಇಲಿ ಪಾಷಾಣ. ತಿಂದ ಇಲಿ ಹಲವು ಬಗೆಯ ವಿಷದಲ್ಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆಯೂ ಸಾಯಬಹುದು. ಪುಕ್ಕಟೆಯಾಗಿ ರಾತ್ರಿಪಾಳಿ ಮಾಡುತ್ತಿದ್ದ ಗೂಬೆಯನ್ನು ನಾವೇ ಕೊಂದ ಹಾಗಾಯಿತು, ಅಲ್ವಾ?

ಇಷ್ಟೆಲ್ಲ ಮಾಡಿದರೂ ಒಂದು ದಿನ ಹಾವು ಕೋಣೆಗೇ ಬಂತು ಅಂದುಕೊಳ್ಳಿ. ದೂರ ನಿಲ್ಲಿ. ಮಕ್ಕಳನ್ನೂ ನಾಯಿಯನ್ನೂ ಬೇರೆ ಕಡೆ ಕಳಿಸಿ. ಬೇರೆ ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ಒತ್ತಿ, ಹೊರಬಾಗಿಲು ತೆರೆದಿಡಿ. ಒಬ್ಬರು ದೂರದಿಂದಲೇ ಅದರ ಮೇಲೆ ಕಣ್ಣಿಟ್ಟಿರಲಿ, ಇನ್ನೊಬ್ಬರು ಅರಣ್ಯ ಇಲಾಖೆಗೋ ತರಬೇತಿ ಇರುವ ಹಾವು ಹಿಡಿಯುವವರಿಗೋ ಫೋನ್ ಮಾಡಲಿ. ಎಲ್ಲಿದೆ ಅಂತ ಹೇಳಲಾಗದಿದ್ದರೆ ಬಂದವರಿಗೂ ಕಷ್ಟ. ಫೋಟೋ ತೆಗೆಯಲು ಹತ್ತಿರ ಹೋಗುವುದು ಬೇಡವೇ ಬೇಡ.

ಮಂಗದ ಲೆಕ್ಕ ಬೇರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಬಿಟ್ಟು ನಗುವುದು ಅದಕ್ಕೆ ಬೆದರಿಕೆಯ ಹಾಗೆ ಕಾಣುತ್ತದೆ. ಬೆನ್ನು ತೋರಿಸಿ ಓಡದೆ, ನಿಧಾನವಾಗಿ ಹಿಂದೆ ಸರಿಯಿರಿ. ಹಣ್ಣು ಕೊಟ್ಟು ಸಮಾಧಾನ ಮಾಡಬೇಡಿ, ಮರುದಿನ ನೆಂಟರಿಷ್ಟರ ಸಮೇತ ಬರುತ್ತದೆ. ಮರದ ಕೊಂಬೆಗೆ ಜೇನು ಹಿಂಡು ಬಂದು ನೇತುಬಿದ್ದರೆ ಹೊಗೆ ಹಾಕಬೇಡಿ. ಬರೀ ದಣಿವಾರಿಸಿಕೊಳ್ಳಲು ನಿಂತ ಹಿಂಡಾದರೆ ಒಂದೆರಡು ದಿನದಲ್ಲಿ ತಾನೇ ಹೊರಡುತ್ತದೆ.

ಕಚ್ಚಿದರೆ? ಹಾವು ಕಚ್ಚಿದ ಜಾಗಕ್ಕೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ವಾಚ್ ಬಿಚ್ಚಿ, ಕೈಕಾಲು ಅಲುಗಾಡದ ಹಾಗೆ ಇಟ್ಟು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಮಂಗ, ಬಾವಲಿ, ಮುಂಗುಸಿ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ವೈದ್ಯರಿಗೆ ತೋರಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ.

ಕೊನೆಗೆ, ಪಕ್ಕದ ಮನೆಯವರು. ಇಲಿಗೂ ಮಂಗಕ್ಕೂ ಕಾಂಪೌಂಡ್ ಲೆಕ್ಕಕ್ಕೇ ಇಲ್ಲ. ನೀವು ಎಲ್ಲ ತೂತು ಮುಚ್ಚಿ ಕೂತರೂ ಅವರ ಕಸದ ಡಬ್ಬ ಬಾಯ್ತೆರೆದು ನಿಂತಿದ್ದರೆ ಪ್ರಯೋಜನ ಕಡಿಮೆ. ಹೋಗಿ ಮಾತಾಡಿ. ಡಬ್ಬಕ್ಕೆ ಬಿಗಿಯಾದ ಮುಚ್ಚಳ ಹಾಕಿ ಅಂತ ಕೇಳುವುದಕ್ಕೆ ಜಗಳವೇನೂ ಬೇಕಿಲ್ಲ, ಅವರ ಹಿತ್ತಲಿಗೂ ಅದೇ ಹಾವು ತಾನೇ ಹೋಗುವುದು.