14 ವರ್ಷ ಹೋದ ಕ್ಷೌರದಂಗಡಿಯನ್ನು ಬಿಟ್ಟ ಬಗೆ

ಮೈಸೂರಿನಲ್ಲಿ ನಮ್ಮ ಮನೆಯ ತಿರುವಿನಲ್ಲಿರುವ ಕ್ಷೌರದಂಗಡಿಗೆ ನಾನು 14 ವರ್ಷ ತಪ್ಪದೆ ಹೋಗುತ್ತಿದ್ದೆ. ಕಳೆದ ವರ್ಷ ಅಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಂಡ ಮರುದಿನ ಕಿವಿಯ ಹಿಂದೆ ತುರಿಕೆ ಎದ್ದು, ಹಣೆಯಂಚು ಕೆಂಪಾಗಿ ಊದಿಕೊಂಡಿತು. ಅನೇಕ ಕಪ್ಪು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ನನಗೆ ಒಗ್ಗದೆಂದು ಚರ್ಮವೈದ್ಯರು ತಿಳಿಸಿದರು. ಹಚ್ಚುವುದಕ್ಕೆ 48 ಗಂಟೆ ಮೊದಲೇ ಚರ್ಮದ ಮೇಲೆ ಚೂರು ಸವರಿ ನೋಡಬೇಕಿತ್ತಂತೆ. ಆದರೂ ಅಂಗಡಿಯವರು, ‘ಬೇರೆ ಕಂಪನಿಯದು ಹಚ್ಚೋಣ, ಏನೂ ಆಗಲ್ಲ ಸಾರ್’ ಎಂದು ಪ್ರತಿ ಸಲವೂ ಒತ್ತಾಯಿಸುತ್ತಿದ್ದರು.

ನಾನು ಮೊದಲು ಮಾಡಿದ್ದು ಶುದ್ಧ ಹೇಡಿತನ. ಎರಡು ತಿಂಗಳು ಬೇರೆ ಕಡೆ ಕಟಿಂಗ್ ಮಾಡಿಸಿಕೊಂಡು, ಅವರ ಕಣ್ಣಿಗೆ ಬೀಳದಂತೆ ಹಿಂದಿನ ಬೀದಿ ಸುತ್ತಿ ಹಾಲು ತರುತ್ತಿದ್ದೆ.

ಕೊನೆಗೆ, ಭಾನುವಾರದ ನೂಕುನುಗ್ಗಲೂ ಮಂಗಳವಾರದ ರಜೆಯೂ ಇಲ್ಲದ ಒಂದು ಬುಧವಾರ ಮಧ್ಯಾಹ್ನ, ಅವರೊಬ್ಬರೇ ಬಾಚಣಿಗೆಗಳನ್ನು ಡೆಟಾಲ್ ನೀರಿನಲ್ಲಿ ತೊಳೆಯುತ್ತಿದ್ದಾಗ ಒಳಗೆ ಹೋದೆ. ಕೆಲಸದ ಬಗ್ಗೆ ದೂರು ಹೇಳದೆ, ವೈದ್ಯರ ಮಾತನ್ನಷ್ಟೇ ತಿಳಿಸಿ, ಇನ್ನು ಮುಂದೆ ಬಣ್ಣವನ್ನೇ ಇಡದ ಅಂಗಡಿಗೆ ಹೋಗುವುದಾಗಿಯೂ ಮಗ ಮಾತ್ರ ಎಂದಿನಂತೆ ಇಲ್ಲಿಗೇ ಬರುವನೆಂದೂ ಹೇಳಿದೆ. ಚಿಲ್ಲರೆಯಿಲ್ಲದೆ ಬಾಕಿ ಉಳಿಸಿಕೊಂಡಿದ್ದ 80 ರೂಪಾಯಿಯನ್ನೂ ಕೊಟ್ಟೆ. ಊರು ಬಿಡುತ್ತಿದ್ದೇನೆಂದು ಸುಳ್ಳು ಹೇಳಿದ್ದರೆ, ಒಂದೇ ಬೀದಿಯಲ್ಲಿ ಅದು ವಾರವೂ ಬಾಳುತ್ತಿರಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕತ್ತಿನ ಹಿಂಭಾಗ ನೋಡಿ, ‘ಕೂತ್ಕೊಳ್ಳಿ ಸಾರ್, ಇಲ್ಲಿ ಗೆರೆ ಸಮ ಮಾಡೇ ಇಲ್ಲ’ ಎಂದು ಹೊಸ ಬ್ಲೇಡು ಹಾಕಿದರು, ಅದಕ್ಕೆ ದುಡ್ಡು ಮುಟ್ಟಲಿಲ್ಲ.