ಕರ್ಪೂರದ ಮಸಿಯಲ್ಲಿ ಸಿಕ್ಕ ಬಂಗಾರದ ವಾಚು

ಮೊದಲೇ ಹೇಳಿಬಿಡುತ್ತೇನೆ, ವಾಚಿನ ಸವೆದ ಮುದ್ರೆ ಓದಲು ಕರ್ಪೂರದ ಮಸಿ ಹಿಡಿಯುವ ವಿಷಯ ಕೇಳಿ ಬೆಳಗಾವಿ ಖಡೇಬಜಾರದ ನನ್ನ ಗೆಳೆಯರು ಒಂದು ವಾರ ನಕ್ಕಿದ್ದರು. "ವಾಚ್ ರಿಪೇರಿ ಬಿಟ್ಟು ಮಾಟ ಮಾಡಾಕತ್ತೀರೇನ್ರಿ?" ಅಂತ ಒಬ್ಬರು. ಈಗ ಅವರೇ ಕರ್ಪೂರದ ಡಬ್ಬಿ ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2023ರ ಮಳೆಗಾಲ. ಗೋಕಾಕದಿಂದ ಒಬ್ಬ ಅಕ್ಕಾರು ಬಂದರು. ತಂದೆಯ ಟ್ರಂಕಿನಲ್ಲಿ ಸಿಕ್ಕಿದ ವಾಚು, ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಎರಡು ಬಟನ್ನಿನ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡಿದ ವಾಚು), ಹಳದಿ ಕೇಸು, ಡಯಲ್ ಮೇಲೆ ಬರೀ 'ಕ್ರೋನೋಗ್ರಾಫ್ ಸ್ವಿಸ್'. ಕಂಪನಿ ಹೆಸರಿಲ್ಲ. ಸೀರೆಯ ಮೇಲೆ 'ಸೀರೆ' ಅಂತ ಬರೆದಂತೆ. ಅವರು ಆಗಲೇ ಒಬ್ಬ ಪತ್ತಾರರಿಗೆ ತೋರಿಸಿ ಬಂದಿದ್ದರು. "ಬಂಗಾರ ಅಲ್ಲಂತ್ರೀ, ಹಿತ್ತಾಳಿ ಮ್ಯಾಲೆ ಪಾಲಿಶ್ ಐತಂತ. ಎಂಟು ಸಾವಿರ ಕೊಡ್ತೀನಂದ್ರು." ಬರೀ ಹಿತ್ತಾಳೆಗೆ ಯಾರು ಎಂಟು ಸಾವಿರ ಕೊಡುತ್ತಾರೆ? ನನಗೆ ಅಲ್ಲೇ ಅನುಮಾನ ಬಂತು.

ಪತ್ತಾರರದು ಮೋಸವಲ್ಲ, ತಪ್ಪು ಜಾಗ. ಹೊರಗೆ ಗೀರು ಬೀಳಬಾರದು ಅಂತ ಮುಚ್ಚಳ ತೆಗೆದು ಒಳಗಿನ ಧೂಳುಮುಚ್ಚಳವನ್ನೇ ಒರೆಗಲ್ಲಿಗೆ ಉಜ್ಜಿದ್ದರು. ಇಂಥ ಸ್ವಿಸ್ ಬಂಗಾರದ ವಾಚುಗಳಲ್ಲಿ ಆ ಒಳಮುಚ್ಚಳ ಎಷ್ಟೋ ಸಲ ಬಂಗಾರದ್ದಾಗಿರುವುದಿಲ್ಲ. ಕೆಲವದರ ಮೇಲೆ 'ಮೆಟಲ್' ಅಂತ ಒತ್ತಿಯೂ ಇರುತ್ತಾರೆ. ಇದರಲ್ಲೂ ಇತ್ತು, ಐಗ್ಲಾಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಹಾಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ.

ನಾನೂ ಜಾಣನಾಗಿರಲಿಲ್ಲ. ಮೇಲಿನ ಬಟನ್ ಒತ್ತಿದೆ, ಮುಳ್ಳು ಓಡಿತು. ಮತ್ತೆ ಒತ್ತಿದೆ, ನಿಲ್ಲಲಿಲ್ಲ. ಕೆಟ್ಟಿದೆ ಅಂದುಕೊಂಡು ಬಿಡಿಭಾಗಕ್ಕೆ ಅಂತ ಮುಂಬೈಯಿಂದ ಒಂದು ಹಾಳು ಮಷೀನು ತರಿಸಿದೆ. 1,800 ರೂಪಾಯಿ ಹೋಯಿತು. ಆಮೇಲೆ ಬ್ಯಾಲೆನ್ಸ್, ಅಂದರೆ ಹಿಂದೆ ಮುಂದೆ ಆಡುವ ಚಕ್ರದ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಮಷೀನಿನ ಹೆಸರು, 'ಲ್ಯಾಂಡೆರಾನ್ 48'. ಅದರಲ್ಲಿ ಮೇಲಿನ ಬಟನ್ ಶುರು ಮಾಡುತ್ತದೆ ಅಷ್ಟೇ. ನಿಲ್ಲಿಸುವುದು ಕೆಳಗಿನದು, ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಬರುತ್ತದೆ. ವಾಚು ಸರಿಯಾಗೇ ಇತ್ತು, ತಿಳಿಯದವನು ನಾನು. ಬ್ಯಾಲೆನ್ಸ್ ಕೆಳಗೆ ಮೊದಲು ನೋಡಬೇಕು ಅಂತ ಹುಡುಗರಿಗೆ ದಿನಾ ಹೇಳುವವನು ನಾನೇ ಅಲ್ವಾ!

ಈ ಮಷೀನು 1937ರಿಂದ ಶುರು. ಅಲ್ಲಿಗೆ ವಾಚಿನ ವಯಸ್ಸಿಗೆ ಒಂದು ಬದಿಯ ಬೇಲಿ ಸಿಕ್ಕಿತು. ಇನ್ನೊಂದು ಬದಿ ಸಿಕ್ಕಿದ್ದು ಹಿಂಬದಿ ಮುಚ್ಚಳದ ಒಳಗೆ. ಹಳೆ ರಿಪೇರಿಯವರು ಸೂಜಿಯಲ್ಲಿ ಗೀರಿದ ತಾರೀಖುಗಳು ಮೂರು. ಮೊದಲನೆಯದು 11-58. ಅಕ್ಕಾರ ತಂದೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಪಣಜಿಯಿಂದ ಇದನ್ನು ತಂದಿದ್ದರಂತೆ. 1961ರ ಡಿಸೆಂಬರ್‌ಗೆ ಮುಂಚೆ ಆ ದಾರಿಯಲ್ಲಿ ಸ್ವಿಸ್ ವಾಚು ಕಳ್ಳಸಾಗಣೆಯಲ್ಲಿ ಬರುತ್ತಿದ್ದದ್ದು ನಮ್ಮ ಊರಿನ ಹಳಬರಿಗೆಲ್ಲ ಗೊತ್ತು. ನಮ್ಮ ಅಪ್ಪ ಗೋವಾ ಕಡೆಯಿಂದ ಬರುವ ಲೋಂಡಾ ರೈಲಿನ ಕತೆಗಳನ್ನು ರಸವತ್ತಾಗಿ ಹೇಳುತ್ತಿದ್ದರು. ಕೆಲವು ಇಲ್ಲಿ ಬರೆಯುವಂಥವಲ್ಲ.

ಸರಿ, ಬಂಗಾರ ಎಷ್ಟು ಕ್ಯಾರೆಟ್? ಹಿಂಬದಿ ಮುಚ್ಚಳದ ಹೊರಗೆ ಒಂದು ಮುದ್ರೆ ಇತ್ತು. ಅರವತ್ತು ವರ್ಷ ಬೆವರು, ಅಂಗಿಯ ತೋಳು, ಪಾಲಿಶ್. ಸವೆದು ಒಂದು ಚುಕ್ಕೆಯಂತಾಗಿತ್ತು. ಅಳಿಲೋ ಹೆಂಗಸಿನ ತಲೆಯೋ ತಿಳಿಯದು. ಈ ಎರಡರ ನಡುವೆಯೇ ರೊಕ್ಕದ ವ್ಯತ್ಯಾಸ ಇರುವುದು. ಹಳೆ ಸ್ವಿಸ್ ಕೇಸಿನಲ್ಲಿ ಅಳಿಲು ಅಂದರೆ 14 ಕ್ಯಾರೆಟ್, ಹೆಲ್ವೆಷಿಯಾ (ಸ್ವಿಟ್ಜರ್ಲೆಂಡಿನ ಸಂಕೇತ) ಹೆಂಗಸಿನ ತಲೆ ಅಂದರೆ 18. 1995ರಲ್ಲಿ ಅವು ಹೋಗಿ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು, ಅದು ನಮಗೆ ಇಲ್ಲಿ ಬೇಡ.

ನಡುವೆ ಒಂದು ಪ್ರಯೋಗ ಮಾಡಿದೆ. ಮಷೀನು, ಗ್ಲಾಸು, ಒಳಮುಚ್ಚಳ ಎಲ್ಲ ತೆಗೆದು ಬರೀ ಕೇಸನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿದೆ. ಹೊರಗೆ ಹತ್ತಿರ ಹತ್ತಿರ 13 ಗ್ರಾಂ, ನೀರಿನಲ್ಲಿ 1.2 ಕಡಿಮೆ. ಭಾಗಿಸಿದರೆ ಸುಮಾರು 11, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ. 18 ಕ್ಯಾರೆಟ್ ಆಗಿದ್ದರೆ 15ರ ಮೇಲೆ ಬರಬೇಕು. 9 ಕ್ಯಾರೆಟ್ ಅಂತ ಬರೆದಿಟ್ಟು, ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಬೆಲ್ಟ್ ಸಿಕ್ಕಿಸುವ ಕಿವಿಗಳು ಟೊಳ್ಳು! ಒಳಗೆ ಗಾಳಿ ಕೂತಿದೆ. ಟೊಳ್ಳು ಕೇಸಿಗೆ ನೀರಿನ ತೂಕ ನಂಬಬೇಡಿ. ಘನ ಉಂಗುರಕ್ಕೆ ಸರಿ.

ಮುದ್ರೆ ಓದಲು ಏನೆಲ್ಲ ಮಾಡಿದೆ. ಮೊಬೈಲ್ ಜೂಮ್, ಬರೀ ಹೊಳಪು. ಪೆನ್ಸಿಲ್ ಉಜ್ಜಿ ಕಾಗದ ಇಟ್ಟೆ, ಬೂದಿ ಬಣ್ಣದ ಕಲೆ. ಮನೆಯಲ್ಲಿ ಆರತಿ ಆಗುವಾಗ ತಟ್ಟೆಯ ಅಂಚಿನಲ್ಲಿ ಕರ್ಪೂರದ ಮಸಿ ಕೂತಿದ್ದು ನೋಡಿದೆ. ತಟ್ಟೆಯ ಮೇಲಿನ ಹಳೆ ಅಕ್ಷರ, ವರ್ಷಗಳಿಂದ ಓದಲಾಗದ್ದು, ಎದ್ದು ಕಾಣುತ್ತಿತ್ತು. ಹೆಂಡತಿ ಮಂಗಳಾರತಿ ಮುಗಿಯುವವರೆಗೂ ತಟ್ಟೆ ಮುಟ್ಟಲು ಬಿಡಲಿಲ್ಲ.

ಮಾಡುವುದು ಹೀಗೆ. ಮಷೀನು, ಗ್ಲಾಸು ಎರಡನ್ನೂ ಬಿಚ್ಚಿಡಿ. ನಾನು ಮೊದಲ ಸಲ ಗ್ಲಾಸು ಬಿಟ್ಟುಬಿಟ್ಟೆ, ಪ್ಲಾಸ್ಟಿಕ್ ಹಪ್ಪಳದಂತೆ ಎದ್ದಿತು, 250 ರೂಪಾಯಿ ದಂಡ. ಸಣ್ಣ ಕರ್ಪೂರ ಹಚ್ಚಿ, ಉರಿಯ ತುದಿಗಿಂತ ಸ್ವಲ್ಪ ಮೇಲೆ ಮುದ್ರೆಯನ್ನು ಎರಡೇ ಎರಡು ಸಲ ಆಡಿಸಿ. ಕಪ್ಪು ತೆಳ್ಳಗೆ ಕೂರಬೇಕು, ಮೆತ್ತಿದರೆ ಕೆಟ್ಟಿತು. ಕೇಸು ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ, ಹಳೆ ಬೆಸುಗೆ ಇರುತ್ತದೆ. ತಣ್ಣಗಾದ ಮೇಲೆ ಪಾರದರ್ಶಕ ಟೇಪು ಒತ್ತಿ, ಎತ್ತಿ, ಬಿಳಿ ಕಾಗದಕ್ಕೆ ಅಂಟಿಸಿ. ಮುದ್ರೆ ತಿರುಗುಮುರುಗಾಗುವುದಿಲ್ಲ. ಟೇಪು ಒತ್ತುವ ಮುಂಚೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನ ಅಂಗಡಿಯಲ್ಲೇ ಇರಲಿ. ಅದಿಲ್ಲದೆಯೂ ಹತ್ತರಲ್ಲಿ ಆರು ಬರುತ್ತವೆ.

ಐದೋ ಆರೋ ಟೇಪು ಹಾಳಾದವು. ಏಳನೆಯದರಲ್ಲಿ ಕುತ್ತಿಗೆ, ಕೂದಲು, ಮೂಗು. ಅಳಿಲಿಗೆ ಅಂಥ ಮೂಗು ಇರುವುದಿಲ್ಲ. ಪಕ್ಕದಲ್ಲಿ '0,75', ಕೊನೆಯ ಸೊನ್ನೆ ಸವೆದಿತ್ತು. 0,750 ಅಂದರೆ 18 ಕ್ಯಾರೆಟ್. ಕೆಳಗೆ ಒಂದು ಸುತ್ತಿಗೆ, ಅದರಲ್ಲಿ ಅಂಕಿ. ಅದು ಕೇಸು ಮಾಡಿದವರ ಗುರುತು, ವಾಚು ಕಂಪನಿಯದಲ್ಲ. ಕೀಲಿಕೈ ಚಿತ್ರ ಇದ್ದಿದ್ದರೆ ಜಿನೀವಾದ ಕೇಸು ಅನ್ನಬಹುದಿತ್ತು. ಇದೇ ಮಸಿಯನ್ನು ಆಮೇಲೆ ಒಂದು ಬೆಳ್ಳಿ ಪಾಕೆಟ್ ವಾಚಿಗೂ ಮಾಡಿದೆ, ಬರ್ಮಿಂಗ್‌ಹ್ಯಾಮಿನ ಲಂಗರು ಮುದ್ರೆ ಚೆನ್ನಾಗಿ ಬಂತು. ಹೆಚ್‌ಎಂಟಿಯ ಸ್ಟೀಲ್ ಮುಚ್ಚಳದ ನಂಬರಿಗೆ ಮಾಡಿದೆ, ಸುಮ್ನೆ ಕೈ ಕಪ್ಪಾಯಿತು.

ಟೇಪು ಅಂಟಿಸಿದ ಕಾಗದ ಹಿಡಿದು ಶಹಾಪುರಕ್ಕೆ ಹೋದೆ. ಅದೇ ಪತ್ತಾರರು. "ಕಾಕಾ, ಇಲ್ಲಿ ಉಜ್ಜಿ ನೋಡ್ರಿ" ಅಂತ ಬೆಲ್ಟ್ ಕಿವಿಯ ಒಳಬದಿ ತೋರಿಸಿದೆ. ಉಜ್ಜಿದರು, ಆಸಿಡ್ ಹಾಕಿದರು, ಗೆರೆ ಹಾಗೇ ನಿಂತಿತು. ಇನ್ನೊಂದು ಬಾಟಲಿ ತೆಗೆದರು. ಕನ್ನಡಕ ಹಣೆಗೆ ಏರಿಸಿ, "ಹದಿನೆಂಟು ಐತಿ" ಅಂದರು. ಅಷ್ಟೇ. ಚಹಾ ಮಾತ್ರ ಅವರೇ ತರಿಸಿದರು, ಜೊತೆಗೆ ಕುಂದಾ.

ಆಗಿನ ಲೆಕ್ಕದಲ್ಲಿ 18 ಕ್ಯಾರೆಟ್ ಗ್ರಾಂಗೆ 4,500ರ ಆಸುಪಾಸು. ಕರಗಿಸಿದರೂ ಐವತ್ತು ಸಾವಿರ ದಾಟುತ್ತಿತ್ತು. ಪುಣೆಯ ಒಬ್ಬ ಸಂಗ್ರಹಗಾರರು ಫೋಟೋ ನೋಡಿ 85,000 ಹೇಳಿದರು. ನಾನು ಪಡೆದದ್ದು ಸರ್ವಿಸ್ ಸೇರಿ 2,200. ಆ ಹಾಳು ಮಷೀನಿನ 1,800 ಕಳೆದರೆ ನನಗೆ ಉಳಿದದ್ದು ನೀವೇ ಲೆಕ್ಕ ಹಾಕಿ. ಪಾಲಿಶ್ ಮಾಡಿಕೊಡಿ ಅಂತ ಅಕ್ಕಾರ ಮಗ ಹಟ ಹಿಡಿದಿದ್ದ. ಮಾಡಲಿಲ್ಲ. ಇನ್ನೊಂದು ಸಲ ಬಫ್ ಹಿಡಿದರೆ ಆ ಮೂಗೂ ಹೋಗುತ್ತಿತ್ತು.

ಅಕ್ಕಾರು ಮಾರಲಿಲ್ಲ. ಟೇಪು ಅಂಟಿಸಿದ ಕಾಗದವನ್ನೂ ಕೇಳಿ ಪಡೆದು, ಅದೇ ಕರ್ಚೀಫಿನಲ್ಲಿ ಸುತ್ತಿಕೊಂಡು ಗೋಕಾಕದ ಬಸ್ಸು ಹತ್ತಿದರು.