ಬೆಳಗ್ಗೆ ನಾಲ್ಕೇ ನಿಮಿಷ ಕೇಳುವ ಶಬ್ದ

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ. ಕಾರು ಹಳೆಯದು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ. ಕಳೆದ ಡಿಸೆಂಬರಿನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಅಂತ ಶಬ್ದ, ಜೊತೆಗೆ ಸೀಟು, ಸ್ಟಿಯರಿಂಗ್ ಎಲ್ಲ ನಡುಗುವುದು ಶುರುವಾಯಿತು. ನಾಲ್ಕೈದು ನಿಮಿಷ ಅಷ್ಟೇ, ಆಮೇಲೆ ಏನೂ ಇಲ್ಲ. ಪೇಟೆಯ ಗ್ಯಾರೇಜಿಗೆ ತಲುಪುವಾಗ ಇಂಜಿನ್ ಬಿಸಿಯಾಗಿ ಪಾಪದ ಹಾಗೆ ಸುಮ್ಮನಿರುತ್ತದೆ. "ಒನ್ನುಂ ಇಲ್ಲಲ್ಲೋ" (ಏನೂ ಇಲ್ಲವಲ್ಲ) ಅಂದರು ಮಲಯಾಳಂನಲ್ಲಿ ಮೆಕ್ಯಾನಿಕ್. ಎರಡನೇ ಸಲ ಹೋದಾಗ ಇಂಜಿನನ್ನು ಹಿಡಿದು ಕೂರಿಸುವ ಮೌಂಟಿಂಗ್ ಒಂದನ್ನು ಬದಲಾಯಿಸಿದರು. ಮರುದಿನ ಬೆಳಗ್ಗೆ ಮತ್ತೆ ಅದೇ ರಾಗ. ಅವರನ್ನು ಬೈಯಲಾರೆ, ಕಿವಿಗೆ ಬೀಳದ ಶಬ್ದಕ್ಕೆ ಅವರಾದರೂ ಎಂತ ಮಾಡುವುದು?

ಆಮೇಲೆ ನಾನೇ ಹುಡುಕಲು ಹೊರಟೆ. ಮೊದಲ ಒಂದು ವಾರ ಸುಮ್ನೆ ಹಾಳು ಮಾಡಿದೆ, ಯಾಕೆಂದರೆ ಶಬ್ದ ಮತ್ತು ನಡುಕ ಒಂದೇ ಕಾಯಿಲೆ ಅಂದುಕೊಂಡಿದ್ದೆ. ಎರಡೂ ಬೇರೆ ಬೇರೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ತಣ್ಣಗಿರುವಾಗ ಐಡ್ಲಿಂಗ್, ಅಂದರೆ ನಿಂತಲ್ಲೇ ಇಂಜಿನ್ ತಿರುಗುವ ವೇಗ, ನಿಮಿಷಕ್ಕೆ 1200 ಸುತ್ತಿನ ಹತ್ತಿರ ಇರುವುದು ಸಹಜ, ಬಿಸಿಯಾದ ಮೇಲೆ 800ರ ಆಸುಪಾಸಿಗೆ ಇಳಿಯುತ್ತದೆ. ಆ ವೇಗದಿಂದ ಬರುವ ಜೋರು ಶಬ್ದಕ್ಕೆ ಹೆದರಬೇಡಿ. ಮತ್ತೆ, ತಣ್ಣಗೆ ಅಂದರೆ ಹಿಮ ಬೀಳಬೇಕಂತಿಲ್ಲ. ನಮ್ಮಲ್ಲಿ ಚಳಿ ಅಂದರೆ ಹೆಚ್ಚೆಂದರೆ ಒಂದು ಶಾಲು ಹೊದೆಯುವಷ್ಟು. ಕೆಲಸ ಮಾಡುವ ಇಂಜಿನಿನ ಬಿಸಿ 90 ಡಿಗ್ರಿ ಹತ್ತಿರ ಇರುತ್ತದೆ, ಅದರ ಮುಂದೆ ರಾತ್ರಿಯಿಡೀ ನಿಂತ ಇಂಜಿನ್ ತಣ್ಣಗೇ ಅಲ್ವಾ?

ಟಿಕ್ ಟಿಕ್ ಶಬ್ದಕ್ಕೆ ತೋಟದ ಅರ್ಧ ಇಂಚಿನ ಪೈಪು ಮೂರು ಅಡಿ ಕತ್ತರಿಸಿಕೊಂಡೆ. ಒಂದು ತುದಿ ಕಿವಿಗೆ, ಇನ್ನೊಂದನ್ನು ಇಂಜಿನಿನ ಸುತ್ತ ಆಡಿಸಿದೆ. (ಲುಂಗಿ ಉಟ್ಟು ಈ ಕೆಲಸ ಬೇಡ, ಬೆಲ್ಟು ಮತ್ತು ಫ್ಯಾನು ಅಲ್ಲೇ ತಿರುಗುತ್ತಿರುತ್ತವೆ. ಬಾಗಿಲು ಹಾಕಿದ ಶೆಡ್ಡಿನ ಒಳಗಂತೂ ಬೇಡವೇ ಬೇಡ, ಹೊಗೆಯಲ್ಲಿ ಪ್ರಾಣ ಹೋಗುತ್ತದೆ.) ಟ್ಯಾಪೆಟ್ (ವಾಲ್ವುಗಳನ್ನು ಒತ್ತುವ ಭಾಗ) ಆದರೆ ಶಬ್ದ ಮೇಲಿನ ಕವರಿನ ಕೆಳಗಿಂದ ಬರಬೇಕು. ಅಲ್ಲಿ ಸಣ್ಣಗೆ ಕೇಳಿತು, ಅಷ್ಟೇ. ಪೈಪನ್ನು ಹೊಗೆ ಹೊರಗೆ ಒಯ್ಯುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಇಂಜಿನಿಗೆ ಸೇರುವ ಸಂದಿಗೆ ತಂದಾಗ ಪುಸ್ ಪುಸ್ ಅಂತ ಕಿವಿಗೇ ಊದಿದ ಹಾಗಾಯಿತು. ಟಾರ್ಚ್ ಹಾಕಿದರೆ ಅಲ್ಲಿ ಹೆಬ್ಬೆರಳಿನಷ್ಟು ಮಸಿ. ಆ ಸಂದಿಯನ್ನು ಮುಚ್ಚುವ ತೆಳು ಪಟ್ಟಿ, ಗ್ಯಾಸ್ಕೆಟ್, ಸೋರುತ್ತಿದೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಶಬ್ದ ಮಾಯ.

ನಡುಕಕ್ಕೆ ಜಾಸ್ತಿ ದಿನ ಹಿಡಿಯಿತು. ನಿಂತಲ್ಲೇ, ನ್ಯೂಟ್ರಲ್‌ನಲ್ಲೇ ನಡುಗುತ್ತದೆ ಅಂದ ಮೇಲೆ ಚಕ್ರದ ತಂಟೆ ಅಲ್ಲ. ಯಾವುದೋ ಸಿಲಿಂಡರ್ ಪೆಟ್ರೋಲ್ ಹೊತ್ತಿಕೊಳ್ಳದೆ ಮಿಸ್ ಹೊಡೆಯುತ್ತಿರಬೇಕು ಅನ್ನಿಸಿತು. ಪ್ರತಿ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು ಕಾಯಿಲ್. ಇಂಜಿನ್ ನಿಲ್ಲಿಸಿ ಒಂದು ಕಾಯಿಲಿನ ಕನೆಕ್ಟರ್ ತೆಗೆಯುವುದು, ಹತ್ತು ಸೆಕೆಂಡು ಸ್ಟಾರ್ಟ್ ಮಾಡಿ ನೋಡುವುದು, ವಾಪಸ್ ಹಾಕುವುದು. ಹೆಚ್ಚು ಹೊತ್ತು ಓಡಿಸಿದರೆ ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡುತ್ತದೆ. ಒಂದು, ಎರಡು, ನಾಲ್ಕರಲ್ಲಿ ತೆಗೆದಾಗ ಗಾಡಿ ಇನ್ನೂ ಜೋರಾಗಿ ಕುಣಿಯಿತು. ಮೂರರಲ್ಲಿ ತೆಗೆದರೂ ಮೊದಲಿನ ಹಾಗೇ, ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ.

ಆದರೆ ಕೆಟ್ಟದ್ದು ಕಾಯಿಲೋ ಪ್ಲಗ್ಗೋ? ಮೂರರ ಕಾಯಿಲನ್ನು ಎರಡಕ್ಕೆ ಹಾಕಿದೆ. ಅಷ್ಟರಲ್ಲಿ ಇಂಜಿನ್ ಬಿಸಿ! ಒಂದು ಪರೀಕ್ಷೆಗೆ ಒಂದು ಬೆಳಗ್ಗೆ, ಬೇರೆ ದಾರಿಯೇ ಇಲ್ಲ. "ಇದೆಂತ ಮಾರಾಯ, ದಿನಾ ಕಾರಿಗೆ ಪೂಜೆಯಾ?" ಅಂತ ಅಪ್ಪ ಹಾಲು ಕರೆದು ಬರುವಾಗ ನಗುತ್ತಿದ್ದರು. ಮರುದಿನ ನೋಡಿದರೆ ತೊಂದರೆ ಮೂರರಲ್ಲೇ ಇದೆ, ಅಂದರೆ ಕಾಯಿಲ್ ಸರಿ. ಪ್ಲಗ್ ತೆಗೆದು ಒಂದಕ್ಕೆ ಹಾಕಿದೆ. ಅದರ ಮರುದಿನ ಮಿಸ್ ಒಂದಕ್ಕೆ ಬಂದಿತ್ತು.

ಪ್ಲಗ್ಗನ್ನು ಬಿಸಿಲಿಗೆ ಹಿಡಿದು ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ. ಕಿಡಿ ತುದಿಯಲ್ಲಿ ಹಾರುವ ಬದಲು ಆ ಗೆರೆ ಹಿಡಿದು ಬದಿಗೆ ಜಾರುತ್ತಿತ್ತು. ಕಿಡಿ ಹಾರುವ ತುದಿಯ ಗ್ಯಾಪೂ ಸವೆದು ಅಗಲವಾಗಿತ್ತು. ಬೆಳಗ್ಗಿನ ಪಸೆ ಒಂದು ಕಡೆ, ತಣ್ಣಗಿನ ಸಿಲಿಂಡರಿನಲ್ಲಿ ಸರಿಯಾಗಿ ಆವಿಯಾಗದ ಪೆಟ್ರೋಲ್ ಇನ್ನೊಂದು ಕಡೆ, ಸೊರಗಿದ ಕಿಡಿಗೆ ಅದನ್ನು ಹೊತ್ತಿಸಲು ಆಗುವುದಿಲ್ಲ. ನಾಲ್ಕೂ ಪ್ಲಗ್ ಹೊಸತು ಹಾಕಿದೆ, ಖರ್ಚು ಆ ಮೌಂಟಿಂಗಿಗಿಂತ ಕಮ್ಮಿ.

ಗ್ಯಾಸ್ಕೆಟ್ ಮಾತ್ರ ನನ್ನಿಂದಾಗದ ಕೆಲಸ, ಹಳೆಯ ಬೋಲ್ಟು ತುಂಡಾದರೆ ಕಷ್ಟ. ಅದೇ ಗ್ಯಾರೇಜಿನಲ್ಲಿ ಸಂಜೆಯೇ ಕಾರು ಬಿಟ್ಟು, ಪೈಪಿನ ತುಂಡನ್ನೂ ಕೊಟ್ಟು, ಬಸ್ಸಿನಲ್ಲಿ ಮನೆಗೆ ಬಂದೆ. ಬೆಳಗ್ಗೆ ಎಂಟಕ್ಕೆ ಫೋನ್ ಬಂತು. "ಕೇಟ್ಟು, ಕೇಟ್ಟು!" ಅಂದರು ಮೆಕ್ಯಾನಿಕ್, ಅಂದರೆ ಕೇಳಿಸಿತು, ಕೇಳಿಸಿತು!